ಉದುರಿದ ಒತ್ತುಗಳು

ಗಂಗಾವತಿ, 12 ಜನವರಿ 2020, ಭಾನುವಾರ

‘ಎರಡು ಹಕ್ಕಿಗಳ ನಡುವೆ ಇರುವುದು ಬಯಲಲ್ಲ...’ ಮುಂದೇನು? ಬೆಳಕೋ, ಬಿಸಿಲೋ? ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಸುಕನ್ಯಾ ಬರೆದ ಸಾಲು. ಅವಳನ್ನೇ ಇಂದು ಕೇಳಬೇಕೆಂದಿದ್ದೆ.

ಹತ್ತಿರದ ಮರಳಿ ಊರಿಗೆ ಮದುವೆಗೆ ಬಂದವಳು, ಸಂಜೆ ನಮ್ಮ ಮನೆಗೂ ಬರುತ್ತೇನೆಂದು ಹೇಳಿಕಳಿಸಿದ್ದಳು. ಇಪ್ಪತ್ತು ವರ್ಷಗಳ ಮೇಲೆ! ಅವಳಿಗೆ ಕೊಡಲು, ಕಾಗದದಲ್ಲಿ ಅಕ್ಷರ ಕತ್ತರಿಸುವ ಕಟಿಂಗ್ ಮಷೀನಿನಲ್ಲಿ ಕಾರ್ಡು ಮಾಡತೊಡಗಿದೆ. ಅವಳ ಹೆಸರು, ಆ ಸಾಲು; ಮರೆತ ಪದದ ಜಾಗ ಖಾಲಿ, ಅವಳೇ ತುಂಬಲಿ ಎಂದು.

ಮಷೀನಿಗೆ ಕನ್ನಡ ಎಲ್ಲಿ ಗೊತ್ತು? ಅಕ್ಷರಕ್ಕೆ ತಾಗದ ಒತ್ತುಗಳೆಲ್ಲ ಬೇರೆ ಚೂರಾಗಿ ಉದುರಿದವು. ಹಕ್ಕಿ ‘ಹಕಿ’ಯಾಯಿತು, ಸುಕನ್ಯಾ ‘ಸುಕನಾ’ ಆದಳು. ನಗು ಬಂತು. ಇದನ್ನು ಹೇಳಿದರೆ ಅವಳು ಎಷ್ಟು ನಗುತ್ತಾಳೋ ಅಂದುಕೊಂಡೆ. ಚೂರುಗಳು ಹಾರದಿರಲೆಂದು ಫ್ಯಾನು ಆರಿಸಿ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದನ್ನೇ ಅಂಟಿಸಿದೆ. ಅವಳ ಹೆಸರಿನ ಪುಟ್ಟ ಒತ್ತನ್ನು ಬೆರಳ ತುದಿಯಲ್ಲಿಟ್ಟುಕೊಂಡು ಸುಮ್ಮನೆ ಬಹಳ ಹೊತ್ತು ಕುಳಿತಿದ್ದೆ.

ಕತ್ತಲಾದ ಮೇಲೆ ಬೀದಿಬಾಗಿಲು ತೆರೆದರೆ ಎದುರುಮನೆಯ ಹುಲಗೆಮ್ಮ ನಿಂತಿದ್ದಳು.

“ಅಯ್ಯ ಅಕ್ಕಾರ, ಮನ್ಯಾಗ ಅದೀರೇನ್ರಿ! ಕಣ್ಣಿಗೆ ಚಾಳೀಸು ಹಾಕ್ಕೊಂಡ ಅಮ್ಮಾರೊಬ್ರು ಬಾಗ್ಲಾ ಬಡದು ಬಡದು ಸಾಕಾಗಿ ನಿಂತಿದ್ರು. ಅಕ್ಕಾರು ಊರಾಗ ಇಲ್ರೀ ಅಂತ ಹೇಳಿ, ನಾನ ಬಸ್ಸು ಹತ್ತಿಸಿ ಬಂದ್ನಿ ನೋಡ್ರಿ.”