ಬೀಗ ಹಾಕಿದ್ದು ದೇವಿಯಲ್ಲ, ನೀವು

ಸಮುದಾಯ ಭವನದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ಒಂದು ಶನಿವಾರ ಸಂಜೆ, ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಭವನಕ್ಕೆ, ಧಾರ್ಮಿಕ ಭಾವನೆಗೆ ಧಕ್ಕೆಯಾಗುತ್ತದೆಂದು ಹೇಳಿ ನೀವು ಬೀಗ ಹಾಕಿಸಿದಿರಿ. ಅಲ್ಲಿ ನಡೆಯುತ್ತಿದ್ದ ನಾಸ್ತಿಕರ ಮತ್ತು ವಿಚಾರವಾದಿಗಳ ಎರಡು ದಿನದ ಕೂಟ ಒಂದೇ ದಿನಕ್ಕೆ ಮುಗಿಯಿತು. ಸಭೆ ನಿಂತದ್ದಕ್ಕೆ ನಾನು ಅಳುತ್ತಾ ಕೂತಿಲ್ಲ. ನಮ್ಮಂಥವರ ಸಭೆಗಳು ನಿಲ್ಲುವುದು ಹೊಸತೇನಲ್ಲ, ನಿಂತ ಸಭೆಯನ್ನು ಚಹಾ ಅಂಗಡಿಯ ಮುಂದೆ ಮುಂದುವರಿಸುವ ಅಭ್ಯಾಸವೂ ನಮಗಿದೆ. ಆದರೆ ನಿಮ್ಮ ಬೀಗದಿಂದಾಗಿ ಬುಕ್ಕಸಾಗರದ ಒಬ್ಬ ಹುಡುಗಿಯ ತಲೆಯ ಮೇಲಿನ ಜಟೆ ಹಾಗೇ ಉಳಿದಿದೆ, ಅವಳ ಓದು ನಿಲ್ಲುವ ಹಂತಕ್ಕೆ ಬಂದಿದೆ. ನನ್ನ ಸಿಟ್ಟೆಲ್ಲ ಅದಕ್ಕೆ.

ನಾನು ಕಂಪ್ಲಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ಹುಬ್ಬು ತೀಡುವವಳಿಗೆ ದೇವರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು, ನಮ್ಮ ಅತ್ತೆಯೂ ಕೇಳುತ್ತಾರೆ. ಸಕ್ಕರೆ ಕಾಯಿಲೆ ಇಳಿಸುವ ಉಂಗುರವೊಂದನ್ನು ನಂಬಿ ನನ್ನ ಅಪ್ಪ ಮಾತ್ರೆ ಬಿಟ್ಟರು, ಕೊನೆಗೆ ಕಾಲು ಕಳೆದುಕೊಂಡರು. ಅಂದಿನಿಂದ ನನಗೆ ಈ ಉಸಾಬರಿ. ಅಂಥದೇ ಉಂಗುರ ಮಾರುವವರಿಗೆ ಇದೇ ಭವನದಲ್ಲಿ ನೀವು ಮೈಕು, ಕುರ್ಚಿ, ಫ್ಯಾನು ಎಲ್ಲವನ್ನೂ ಒದಗಿಸಿದ್ದೀರಿ. ಅಂಗೈ ನೋಡಿ ಹಣೆಬರಹ ಹೇಳುವ ಶಿಬಿರ ಇಲ್ಲಿ ನಡೆದಿದೆ. ಅಡುಗೆಮನೆಯ ಬಾಗಿಲು ಯಾವ ದಿಕ್ಕಿಗಿದ್ದರೆ ಸೊಸೆ ಮಾತು ಕೇಳುತ್ತಾಳೆ ಎಂದು ತಿಳಿಸಿಕೊಡುವ ವಾಸ್ತು ಪ್ರದರ್ಶನ ನಡೆದಿದೆ. ಆಗೆಲ್ಲ ಯಾರ ಭಾವನೆಗೂ ಧಕ್ಕೆಯಾಗಲಿಲ್ಲವೇ? ನನಗಾಗಿತ್ತು. ನನ್ನದು ಭಾವನೆಯೆಂದು ನಿಮ್ಮ ಕಚೇರಿ ಒಪ್ಪುವುದಿಲ್ಲವೋ ಏನೋ.

ಆ ಹುಡುಗಿಯ ಹೆಸರು ಗಂಗೋತ್ರಿ. ಹೆಸರು ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಮಲಗಿದ್ದಾಗ ತಲೆ ಬಾಚದೆ ಹಿಂಭಾಗದ ಕೂದಲು ಗಂಟಾಯಿತು. ಬಂದ ನೆಂಟರು ಅದನ್ನು ನೋಡಿ, ದೇವಿ ಒಲಿದು ಬಂದಿದ್ದಾಳೆ, ಇನ್ನು ಬಾಚಣಿಗೆ ಸೋಕಿಸಬಾರದು ಎಂದರು. ಎಣ್ಣೆಯ ಬದಲು ಅರಿಶಿನ ಹಚ್ಚಿದರು. ಗಂಟು ಬೆಳೆದು ಹಗ್ಗವಾಯಿತು. ಆ ಭಾರಕ್ಕೆ ಅವಳ ಕತ್ತು ನೋಯುತ್ತದೆ, ತಲೆ ತುರಿಸಿ ನಿದ್ದೆ ಬರುವುದಿಲ್ಲ. ತರಗತಿಯಲ್ಲಿ ಅವಳ ಬೆಂಚಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಒಂದು ದಿನ ಒಬ್ಬಳೇ ಬಸ್ಸು ಹತ್ತಿ ಬಂದು ನನ್ನ ಪಾರ್ಲರಿನ ಬಾಗಿಲಲ್ಲಿ ನಿಂತು ಕೇಳಿದಳು:

“ಅಕ್ಕಾರ, ಇದಕ್ಕ ಬಾಚಣಿಗಿ ಹೋಗತೈತೇನ್ರಿ?”

ಬಾಚಣಿಗೆ ಹೋಗುವುದಿಲ್ಲ, ಕತ್ತರಿ ಹೋಗುತ್ತದೆ ಎಂದೆ. ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ.

“ಅವ್ವ ಒಪ್ಪದ ನಾ ಕುಂದ್ರಂಗಿಲ್ರಿ. ಆಕಿ ಭಾಳ ಅಂಜ್ಯಾಳ.”

ಅವಳ ತಾಯಿ ಕೊಟ್ರಮ್ಮ ಭತ್ತದ ಗದ್ದೆಗಳಲ್ಲಿ ನಾಟಿ ಕೆಲಸ ಮಾಡುವ ವಿಧವೆ. ಆಕೆಯನ್ನು ಒಪ್ಪಿಸಲು ನಾನು ಬುಕ್ಕಸಾಗರಕ್ಕೆ ಎಷ್ಟು ಸಲ ಅಲೆದೆನೋ ನನಗೇ ನೆನಪಿಲ್ಲ. ವೈದ್ಯರ ಮಾತು ಹೇಳಿದೆ, ಕಾನೂನು ಹೇಳಿದೆ. ಆಕೆ ಪ್ರತಿ ಸಲವೂ ನನಗೆ ಚಹಾ ಕೊಟ್ಟು ಕಳಿಸಿದಳು. ಕೊನೆಗೊಮ್ಮೆ ತಾನೇ ಒಂದು ಷರತ್ತು ಹಾಕಿದಳು.

“ಕತ್ತರಸ್ರಿ. ಆದ್ರ ಕದ್ದು ಬ್ಯಾಡ, ಮಂದಿ ಮುಂದ ಆಗ್ಲಿ. ಜಡಿ ನೆಲಕ್ಕ ಬೀಳಬಾರ್ದು. ದೇವ್ರಿಲ್ಲ ಅನ್ನೋರು ನೀವದೀರಲ್ಲ, ನಿಮ್ಮೊಳಗ ಯಾರಾರ ಒಬ್ರು ಉಡಿಯೊಡ್ಡಿ ಹಿಡೀರಿ. ಅಮ್ಮನ ಸಿಟ್ಟು ಈ ಕೂಸಿಗೆ ಬ್ಯಾಡ, ನನಗ ಇರ್ಲಿ ಅಂತ ಬಾಯಿಬಿಟ್ಟು ಅನ್ರಿ.”

ನಮ್ಮ ಕೂಟದ ಭಾನುವಾರ ಬೆಳಗಿನ ಹೊತ್ತನ್ನು ಇದಕ್ಕೇ ಮೀಸಲಿಟ್ಟೆವು. ನೀವು ಅನುಮತಿ ಕೊಡುವಾಗ ಇದೆಲ್ಲವನ್ನೂ ನಿಮಗೆ ಹೇಳಿದ್ದೆ. ನೀವು ತಲೆಯಾಡಿಸಿ, ಒಳ್ಳೆಯ ಕೆಲಸ ಎಂದಿರಿ. ಆ ತಲೆಯಾಡಿಸುವಿಕೆಯನ್ನು ನಾನು ನಂಬಿದೆ.

ಶನಿವಾರ ನಾವು ದಿನವಿಡೀ ದೇವರನ್ನು ಬೈಯುತ್ತಾ ಕೂತಿದ್ದೆವೆಂದು ನಿಮಗೆ ಯಾರೋ ಹೇಳಿದರಂತೆ. ನಿಜವೇನೆಂದರೆ, ಮಧ್ಯಾಹ್ನದ ನಂತರ ನಾವು ಬೈದುಕೊಂಡದ್ದು ಒಬ್ಬರನ್ನೊಬ್ಬರು. ಕೊಟ್ರಮ್ಮನ ಷರತ್ತೇ ಜಗಳಕ್ಕೆ ಕಾರಣ. ಭೌತಶಾಸ್ತ್ರ ಕಲಿಸಿ ನಿವೃತ್ತರಾದ ನಾಗೇಂದ್ರಪ್ಪನವರು ಎದ್ದು ನಿಂತು, “ಇಲ್ಲದ ದೇವಿ ಸಿಟ್ಟನ್ನ ಉಡಿಯೊಡ್ಡಿ ಇಸ್ಕೊಂಡ್ರ, ದೇವಿ ಅದಾಳ ಅಂತ ನಾವ ಒಪ್ಕೊಂಡಂಗಾತಲ್ರಿ?” ಎಂದರು. ಅರ್ಧ ಸಭೆ ಚಪ್ಪಾಳೆ ತಟ್ಟಿತು. ವಡ್ಡು ಎಂಬ ಊರಿನ ಜಂಬುನಾಥ್ ಉಕ್ಕಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವನು, ಹಿಂದಿನ ಸಾಲಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಚಪ್ಪಾಳೆಗೆ ಎಚ್ಚರವಾಗಿ, “ಇಲ್ಲ ಅಂದ ಮ್ಯಾಲ ಇಸ್ಕೊಳ್ಳಾಕ ಅಂಜಿಕಿ ಯಾಕ್ರಿ ಸರ್?” ಎಂದ. ಉಳಿದರ್ಧ ಸಭೆ ಚಪ್ಪಾಳೆ ತಟ್ಟಿತು. ದೇವರಿಲ್ಲ ಎನ್ನುವುದರಲ್ಲಿ ಒಂದೇ ಮನಸ್ಸಿನವರು ಒಂದು ಸೆರಗು ಒಡ್ಡುವ ವಿಷಯಕ್ಕೆ ಎರಡು ಪಕ್ಷವಾದರು. ನಿಮಗೆ ನಮ್ಮ ಕೂಟ ಒಡೆಯಬೇಕಿದ್ದರೆ ಬೀಗದ ಖರ್ಚೇ ಬೇಕಿರಲಿಲ್ಲ, ಇನ್ನೊಂದು ತಾಸು ಬಿಟ್ಟಿದ್ದರೆ ಸಾಕಾಗಿತ್ತು. ಕಡೆಗೆ ನನಗೆ ರೇಗಿತು. ಸಿದ್ಧಾಂತ ನೀವು ಕಾಪಾಡಿಕೊಳ್ಳಿ, ಸೆರಗು ನನ್ನದು, ನಾನು ಒಡ್ಡುತ್ತೇನೆ ಎಂದೆ. ನಾಗೇಂದ್ರಪ್ಪನವರು, ಹಾಗಾದರೆ ಕತ್ತರಿ ನಾನು ಹಿಡಿಯುತ್ತೇನೆ ಎಂದರು. ಆ ದಿನ ನನಗೆ ಅತ್ಯಂತ ಸಂತೋಷವಾದ ಗಳಿಗೆ ಅದು.

ಯಾರ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತು ಎಂಬುದನ್ನೂ ಹುಡುಕಿದೆ. ನಮಗೆ ಎರಡೂ ದಿನ ಊಟ ಕೊಡಲು ಒಪ್ಪಿದ್ದವರು ಕಡ್ಡಿರಾಂಪುರದಲ್ಲಿ ಖಾನಾವಳಿ ನಡೆಸುವ ಹಂಪಯ್ಯನವರು. ಹಣೆ ತುಂಬ ವಿಭೂತಿ, ಲಿಂಗಪೂಜೆಯಾಗದೆ ನೀರು ಮುಟ್ಟದ ಮನುಷ್ಯ. ನಾವು ಯಾರೆಂದು ಮೊದಲೇ ಹೇಳಿದ್ದಕ್ಕೆ ಅವರು ಅಂದದ್ದಿಷ್ಟೇ: “ದೇವ್ರಿಲ್ಲ ಅಂತೀರಾ, ಅನ್ಕೊಳ್ರಿ. ಊಟಕ್ಕ ಎಷ್ಟ್ ಮಂದಿ ಅದೀರಿ, ಅದನ್ನ ಮೊದ್ಲ ಹೇಳ್ರಿ.” ಆ ದಾರಿಯಲ್ಲಿ ಅವರಿಗಿಂತ ದೊಡ್ಡ ಭಕ್ತರು ನನಗೆ ಗೊತ್ತಿಲ್ಲ. ಅವರ ಭಾವನೆ ಗಟ್ಟಿಯಾಗಿಯೇ ಇತ್ತು. ಹಾಗಾದರೆ ಮುಕ್ಕಾದ ಭಾವನೆ ಯಾರದು?

ಬೀಗ ಬಿದ್ದ ಮೇಲೆ ನಿಮಗೆ ಫೋನು ಮಾಡಿದೆ. ನೀವು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನಾನೂ ನಿಮ್ಮಂಗ ಪ್ರೋಗ್ರೆಸಿವ್ ಅದೀನ್ರಿ ಮೇಡಂ. ಆದ್ರ ನಾಳೆ ಏನಾರ ಆದ್ರ?”

“ಏನಾಗತೈತ್ರಿ ಸಾಹೇಬ್ರ?”

“ಏನೂ ಆಗಂಗಿಲ್ಲ. ಆದ್ರೂ ಆದ್ರ?”

ಇದಕ್ಕೆ ನಾನೇನು ಉತ್ತರ ಕೊಡಲಿ? ಯಾರೂ ಬರೆದು ದೂರು ಕೊಟ್ಟಿರಲಿಲ್ಲ, ನೀವೇ ಒಪ್ಪಿಕೊಂಡಿರಿ. ಮುಂದೆಂದೋ ದೂರು ಬಂದರೆ ಎಂದು ಇಂದೇ ಕ್ರಮ ಕೈಗೊಂಡಿರಿ. ನಮ್ಮೂರಲ್ಲಿ ಕುಡಿಯುವ ನೀರಿಗೆ ಕೊಟ್ಟ ದೂರುಗಳೂ ಇಷ್ಟು ಜಲ್ದಿ ಕ್ರಮ ಕಂಡದ್ದಿಲ್ಲ.

ಈಗ ಭಾನುವಾರದ ಬೆಳಗನ್ನು ಕೇಳಿ, ಯಾಕೆಂದರೆ ಆಗ ನೀವು ಅಲ್ಲಿರಲಿಲ್ಲ. ಕಾರ್ಯಕ್ರಮ ಖಾನಾವಳಿಯ ಮುಂದೆ ನಡೆಯಲಿದೆ ಎಂದು ತಿಳಿಸಲು ಎಷ್ಟು ಪ್ರಯತ್ನಿಸಿದರೂ ಕೊಟ್ರಮ್ಮನಿಗೆ ಫೋನು ಹತ್ತಲಿಲ್ಲ. ನಾವೆಲ್ಲ ಭವನದ ಮೆಟ್ಟಿಲ ಮೇಲೆ ಕಾದೆವು. ಆಟೋದಿಂದ ತಾಯಿ ಮಗಳು ಇಳಿದರು. ಇಬ್ಬರೂ ಮಿಂದು ಬಂದಿದ್ದರು. ನನ್ನ ಉಡಿಗೆಂದು ಕೊಟ್ರಮ್ಮ ತೆಂಗಿನಕಾಯಿ ಮತ್ತು ಹೊಸ ಕುಬಸದ ಬಟ್ಟೆ ತಂದಿದ್ದಳು. ಗಂಗೋತ್ರಿ ಚೀಲದಿಂದ ಒಂದು ಹಸಿರು ಬಾಚಣಿಗೆ ತೆಗೆದು ನನಗೆ ತೋರಿಸಿ ನಕ್ಕಳು. ಅಷ್ಟರಲ್ಲಿ ತಾಯಿ ಬೀಗ ನೋಡಿದಳು. ಹತ್ತಿರ ಹೋಗಿ ಅದನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

“ಅಮ್ಮ ಒಲ್ಲೆ ಅಂದಾಳ್ರಿ ಅಕ್ಕಾರ.”

“ಆ ಬೀಗ ಆಫೀಸಿನವ್ರು ಹಾಕಿದ್ದು ಕೊಟ್ರಮ್ಮ,” ಎಂದೆ.

“ಅವ್ರ ಕೈಲೆ ಆಕೀನ ಹಾಕಿಸ್ಯಾಳ.”

ಅಲ್ಲಿ ನಲವತ್ತರ ಹತ್ತಿರ ಜನ ವಿಚಾರವಾದಿಗಳಿದ್ದೆವು. ಆದರೆ ಹಂಪಯ್ಯನವರೇ ಮುಂದೆ ಬಂದು, “ನನ್ನ ಅಂಗಡಿ ಮುಂದ ಮಾಡ್ರೆವ್ವಾ, ಅಲ್ಲೂ ಮಂದಿ ಅದಾರ,” ಎಂದರು. ಆಕೆ ಕೈಮುಗಿದು, ತಂದ ಕಾಯಿಯನ್ನು ನಿಮ್ಮ ಬಾಗಿಲಿಗೇ ಒಡೆದು, ಮಗಳ ಕೈ ಹಿಡಿದು ನಡೆದಳು. ಹುಡುಗಿ ಒಂದು ಸಲವೂ ಅಳಲಿಲ್ಲ. ಬಾಚಣಿಗೆಯನ್ನು ಚೀಲದೊಳಗೆ ಹಾಕಿಕೊಂಡಳು.

ಅಧಿಕಾರಿಗಳೇ, ನೀವು ದೊಡ್ಡ ಪಾಪಿ ಎಂದು ನಾನು ಹೇಳುವುದಿಲ್ಲ. ನೀವು ಹೆದರಿದಿರಿ, ಅಷ್ಟೇ. ನಿಮಗೆ ಹೆದರಿಕೆಯಾದರೆ ಬೀಗ ಹಾಕುವ ಅಧಿಕಾರವಿದೆ. ಕೊಟ್ರಮ್ಮನಿಗೆ ಹೆದರಿಕೆಯಾದರೆ ಇರುವುದು ಮಗಳ ತಲೆಯೊಂದೇ. ಆಕೆ ಬದುಕಿನಲ್ಲಿ ಮೊದಲ ಸಲ ಧೈರ್ಯ ಮಾಡಿ ಹೊಸ್ತಿಲು ದಾಟಿ ಬಂದ ದಿನವೇ ಸರ್ಕಾರದ ಸಂಬಳ ಪಡೆಯುವ ನೀವು ದೇವಿಯ ಬಾಯಿಯಾಗಿ ‘ಒಲ್ಲೆ’ ಎಂದಿರಿ. ಬರುವ ಹುಣ್ಣಿಮೆಗೆ ಗಂಗೋತ್ರಿಯ ತಲೆಗೆ ದೇವಿಯ ಬುಟ್ಟಿ ಹೊರಿಸಿ, ಜೋಗತಿಯಾಗಿ ಊರೂರು ತಿರುಗಲು ಕಳಿಸುವ ಮಾತು ಆ ಮನೆಯಲ್ಲಿ ಈಗ ನಡೆಯುತ್ತಿದೆ. ಹೆಣ್ಣುಮಕ್ಕಳನ್ನು ಹೀಗೆ ದೇವಿಗೆ ಬಿಡುವುದನ್ನು ತಡೆಯಲು ಕಾನೂನಿದೆ, ನನಗೂ ಗೊತ್ತು, ಬೇಕಾದರೆ ಆ ಬಾಗಿಲನ್ನೂ ತಟ್ಟುತ್ತೇನೆ. ಆದರೆ ಪೊಲೀಸರ ಜೀಪು ಬುಟ್ಟಿಯನ್ನು ಇಳಿಸಬಹುದು, ತಾಯಿಯ ಎದೆಯೊಳಗಿನ ಅಂಜಿಕೆಯನ್ನು ಇಳಿಸಲಾರದು.

ಹಾಗಾಗಿ ನನ್ನ ಬೇಡಿಕೆ ಒಂದೇ. ನಮಗೆ ನಿಮ್ಮ ಕ್ಷಮೆ ಬೇಡ, ವಿವರಣೆಯೂ ಬೇಡ. ಹುಣ್ಣಿಮೆಯೊಳಗೆ ಬೀಗದ ಕೈ ಹಿಡಿದುಕೊಂಡು ಬುಕ್ಕಸಾಗರಕ್ಕೆ ಬನ್ನಿ. ಕೊಟ್ರಮ್ಮನ ಮನೆಯಲ್ಲಿ ಚಾಪೆಯ ಮೇಲೆ ಕೂತು, ಆಕೆ ಕೊಟ್ಟ ಚಹಾ ಕುಡಿದು, ಆಕೆಯ ಮುಖ ನೋಡಿ ಹೇಳಿ: ‘ತಾಯಿ, ಆ ಬೀಗ ನಾನು ಹಾಕಿಸಿದ್ದು. ನನಗೆ ಯಾವ ದೇವಿಯೂ ಹೇಳಲಿಲ್ಲ. ನನಗೇ ಹೆದರಿಕೆಯಾಗಿತ್ತು.’ ಆಮೇಲೆ ನೀವೇ ಬಂದು ಭವನದ ಬಾಗಿಲು ತೆಗೆಯಿರಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ತಡ ಮಾಡಬೇಡಿ. ಅಂದು ಹಾಕಿದ ಬೀಗವನ್ನು ನೀವು ಇನ್ನೂ ತೆಗೆಸಿಲ್ಲ. ಮೊನ್ನೆ ಮಂಗಳವಾರ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಅದಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ ಹೋಗಿದ್ದಾರೆ.

ಇಂತಿ,
ಯಾವ ದೇವಿಯ ಸಿಟ್ಟಿಗೂ ಅಂಜದೆ, ನಿಮ್ಮ ಅಂಜಿಕೆಗೆ ಮಾತ್ರ ಅಂಜುತ್ತಾ, ಖಾಲಿ ಸೆರಗು ಹಿಡಿದು ಕಾದಿರುವ
ಶೈಲಶ್ರೀ, ಕಂಪ್ಲಿ