ಅತ್ತೆಯ ಅಂಬಲಿ

14 ಅಕ್ಟೋಬರ್ 2025, ಮಂಗಳವಾರ

ಹುಬ್ಬಳ್ಳಿಯಲ್ಲಿ ಚೆಕಪ್ ಮುಗಿಸಿ ಬನವಾಸಿಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ನನ್ನ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಎರಡು ವರ್ಷ. ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ. ಖುಷಿಪಡಲೂ ತ್ರಾಣವಿಲ್ಲ.

ಕ್ಯಾಲ್ಸಿಯಂ, ಮೆಗ್ನೀಸಿಯಂ ಮೈಗೆ ಸೇರಿದರೆ ರೋಗ ಮರಳುವುದಿಲ್ಲವೆಂದು ಯಾರೋ ಹೇಳಿದಾಗಿನಿಂದ ಅತ್ತೆ ನೀಲಗಂಗವ್ವ ದಿನವೂ ರಾಗಿ ಅಂಬಲಿ ಕುಡಿಸಿ ಎಳ್ಳುಂಡೆ ತಿನ್ನಿಸುತ್ತಾರೆ. ಇವತ್ತು ಅದು ನಿಜವೇ ಎಂದು ಡಾಕ್ಟರನ್ನು ಕೇಳಿಯೇಬಿಟ್ಟೆ. "ಕೆಲವರಿಗೆ ಉಪಯೋಗ ಆಗಬಹುದು, ಕೆಲವರಿಗೆ ಇಲ್ಲ. ಹುಟ್ಟಿನಿಂದ ಬಂದ ಜೀನ್ ಮೇಲೂ ಅವಲಂಬಿಸಿರುತ್ತೆ. ನಿಮಗೆ ಹೇಗೆ ಅಂತ ಈಗ ಹೇಳೋಕಾಗಲ್ಲ" ಎಂದರು.

ಮನೆಗೆ ಬಂದು ಅದನ್ನೇ ಹೇಳಿದೆ. "ನನಗ ಸಾಕಾಗೈತ್ರಿ ಅತ್ತಿ. ನಾಳಿಂದ ಬರೇ ಅನ್ನ ಸಾರು ಕೊಡ್ರಿ."

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮತ್ತ ನಾ ಏನ್ ಮಾಡ್ಲವ್ವಾ ಮಹೇಶ್ವರಿ? ಸುಮ್ನ ಕುಂತ್ರ ಅಂಜಿಕಿ ಆಗತೈತಿ."

ಇಷ್ಟು ದಿನ ಅವರೂ ಅಂಜಿಕೊಂಡೇ ಇದ್ದರೆಂದು ನನಗೆ ಹೊಳೆದೇ ಇರಲಿಲ್ಲ. ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ನೇವರಿಸುತ್ತ ಕೂತರು.

ಕಣ್ಣು ಎಳೆಯುತ್ತಿದೆ. ನಾಳೆ ಅವರೇನು ಕೊಟ್ಟರೂ ತಿನ್ನುತ್ತೇನೆ, ಅಂಬಲಿಯಾದರೂ ಸರಿ.