ಓದು ಮುಗಿಯುವವರೆಗೆ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ,

ಮೊಣಕಾಲು ನೋವು ಹೇಗಿದೆ? ನಾದಿನಿಯನ್ನು ಕೇಳಿದರೆ ‘ಅಮ್ಮ ಆರಾಮಾಗಿದಾರೆ’ ಎನ್ನುತ್ತಾಳೆ. ಆದರೆ ಮಗಳ ಮುಂದೆ ನೋವು ಒಪ್ಪಿಕೊಳ್ಳುವವರ ಪೈಕಿ ನೀವಲ್ಲ. ಅವಳ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡಿ, ಅಷ್ಟೇ ನನ್ನ ಕೋರಿಕೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವು ಹೋದ ಮೇಲೆ ಅಡುಗೆಮನೆಯ ಉಸ್ತುವಾರಿಯನ್ನು ನಿಮ್ಮ ಮಗ ವಹಿಸಿಕೊಂಡಿದ್ದಾರೆ. ಎರಡು ಪಾತ್ರೆ ತಳ ಹಿಡಿದವು, ಒಂದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಾರೆ. ನಾನು ಹೇಳಿದೆನೆಂದು ಮಾತ್ರ ಬಾಯಿಬಿಡಬೇಡಿ. ಮೊಮ್ಮಗಳಿಗೆ ಮುಂದಿನ ಹಲ್ಲು ಬಿದ್ದು ಏಳು ವರ್ಷಕ್ಕೇ ಮುದುಕಿಯ ನಗು ಬಂದಿದೆ.

ನೀವು ಹೊರಟ ದಿನ ನನ್ನ ಮುಖ ನೋಡಿ, ‘ಆಫೀಸಲ್ಲಿ ಏನೋ ಆಗಿದೆ, ನೀನು ಹೇಳ್ತಿಲ್ಲ’ ಅಂದಿರಿ. ಆಗಿತ್ತು. ಈಗ ಎಲ್ಲ ಒಂದು ದಡ ಸೇರಿದೆ, ಆದ್ದರಿಂದ ಹೇಳುತ್ತೇನೆ.

ವಿಶ್ವವಿದ್ಯಾಲಯದ ವಿದೇಶ ವಿಭಾಗದಲ್ಲಿ ನನ್ನದು ಅನುವಾದದ ಕೆಲಸ. (ನೆಂಟರ ಮುಂದೆ ನೀವು ನನ್ನನ್ನು ‘ದೊಡ್ಡ ಅಧಿಕಾರಿ’ ಮಾಡುತ್ತೀರಿ, ದಯವಿಟ್ಟು ಬೇಡ.) ಕೃತಕ ಕಾಲು ತಯಾರಿಸುವ ವಿದ್ಯೆ ಕಲಿಯುವ ನಮ್ಮ ವಿದ್ಯಾರ್ಥಿಗಳು ಎರಡು ವರ್ಷ ಇಲ್ಲಿ ಓದಿ, ಉಳಿದೆರಡು ವರ್ಷಕ್ಕೆ ಹೊರದೇಶಕ್ಕೆ ಹೋಗುತ್ತಾರಲ್ಲ, ಅವರಿಗೆ ವಿದ್ಯಾರ್ಥಿವೇತನ ಕೊಡುವುದು ಆ ದೇಶದ ಸರ್ಕಾರ. ಈ ಇಡೀ ಏರ್ಪಾಡು ನಿಂತಿದ್ದು ಒಂದು ಹಾಳೆಯ ಮೇಲೆ. ‘ಈ ವರ್ಷವೂ ಮುಂದುವರಿಸುತ್ತೇವೆ’ ಎಂದು ಅವರು ವರ್ಷವರ್ಷವೂ ಬರೆದು ಕಳಿಸಬೇಕು. ಅಲ್ಲಿ ಮಂತ್ರಿ ಬದಲಾದರೆ ಇಲ್ಲಿ ನಮ್ಮ ಎದೆ ಡವಡವ. ಹನ್ನೊಂದು ವರ್ಷದ ಹಿಂದೆ ಹೊಸ ಸರ್ಕಾರವೊಂದು ಬಂದು ವೇತನ ನಿಲ್ಲಿಸಿ, ಅಲ್ಲಿದ್ದ ಆರು ಜನರನ್ನು ಓದಿನ ನಡುವೆಯೇ ವಾಪಸು ಕಳಿಸಿಬಿಟ್ಟಿತು. ಅವರಿಗೆ ಅದನ್ನು ತಿಳಿಸಿದ ಪತ್ರವನ್ನು ಅನುವಾದಿಸಿದವಳು ನಾನೇ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ‘ಅತೀವ ವಿಷಾದದೊಂದಿಗೆ ತಿಳಿಸಬಯಸುತ್ತೇವೆ’ ಎಂಬ ಸಾಲು ಎಷ್ಟು ಚೆನ್ನಾಗಿ ಕೂತಿತು ಎಂದು ಅವತ್ತು ನನಗೆ ಖುಷಿಯಾಗಿತ್ತು, ಅತ್ತೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷದ ನಂತರ ವೇತನ ಮತ್ತೆ ಶುರುವಾಯಿತು, ಮತ್ತದೇ ಒಂದು ಹಾಳೆ. ಈ ಸಲ ಅಲ್ಲಿ ಮತ್ತೆ ಸರ್ಕಾರ ಬದಲಾಗಿದೆ. ಮುಂದುವರಿಸಬೇಕೋ ಬೇಡವೋ ನೋಡಲು ಜನವರಿಯಲ್ಲಿ ಅವರ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿ ಬಂದರು. ಎತ್ತರದ ಆಳು, ಮಾತು ಕಡಿಮೆ. ಕುಲಪತಿಗಳು ಪರದೆಯ ಮೇಲೆ ಹೊಸ ಕಟ್ಟಡಗಳ ಚಿತ್ರ ತೋರಿಸಿದರು. ಆತ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ನೀವು ಇಷ್ಟು ವರ್ಷ ಕಳಿಸಿದ ಮಕ್ಕಳು ಈಗ ಎಲ್ಲಿದಾರೆ, ಏನ್ ಮಾಡ್ತಿದಾರೆ?’ ನಾನು ಅನುವಾದಿಸಿದೆ. ಮೇಜಿನ ಸುತ್ತ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ! ಐದು ವಾರದಲ್ಲಿ ಮತ್ತೆ ಬರುತ್ತೇನೆ, ಉತ್ತರ ಸಿಗದಿದ್ದರೆ ಈ ವರ್ಷಕ್ಕೇ ಮುಗಿಸೋಣ ಎಂದು ಹೊರಟೇಬಿಟ್ಟರು. ಸದ್ಯಕ್ಕೆ ಅಲ್ಲಿ ನಮ್ಮ ಹತ್ತೊಂಬತ್ತು ಮಕ್ಕಳು ಓದುತ್ತಿದ್ದಾರೆ. ಆ ಆರು ಜನರ ಗತಿಯೇ ಇವರಿಗೂ ಆಗುತ್ತದೆಂಬ ಯೋಚನೆಯಲ್ಲೇ ಮನೆಗೆ ಬಂದೆ. ನೀವು ನೋಡಿದ್ದು ಆ ಮುಖವನ್ನೇ.

ಹುಡುಕುವ ಕೆಲಸ ನನ್ನ ತಲೆಗೆ ಬಂತು. ಹಳೆಯ ಕಡತ ತೆಗೆದು, ಸಿಕ್ಕ ನಂಬರಿಗೆಲ್ಲ ಫೋನ್ ಮಾಡುತ್ತ ಕೂತೆ. ಹೆಚ್ಚಿನವರು ಸಿಕ್ಕರು. ಒಬ್ಬಳು ದೊಡ್ಡಾಸ್ಪತ್ರೆಯಲ್ಲಿ ಕೃತಕ ಕಾಲಿನ ಕಾರ್ಯಾಗಾರವನ್ನೇ ನಡೆಸುತ್ತಿದ್ದಾಳೆ. ಇಬ್ಬರು ಪಾಠ ಮಾಡುತ್ತಿದ್ದಾರೆ. ಒಬ್ಬ ಎಲ್ಲ ಬಿಟ್ಟು ಹಾಡುಗಾರನಾಗಿದ್ದಾನೆ. ಬೇಡವೆಂದರೂ ಫೋನಿನಲ್ಲೇ ಎರಡು ಸಾಲು ಹಾಡಿದ. ಕುಲಪತಿಗಳು ಪಟ್ಟಿ ನೋಡಿ ಅರಳಿಹೋದರು. ಆದರೆ ವಾಪಸು ಬಂದವರ ಮಾತೆತ್ತಿದ್ದೇ, ‘ಆ ಆರು ಜನ ಪಟ್ಟಿಯಲ್ಲಿ ಬೇಡ ಮೇಡಂ. ಹಳೇ ಗಾಯ ಯಾಕೆ ಕೆರೀಬೇಕು?’ ಎಂದರು. ನಾನು ಹೂಂ ಎಂದು ಬಂದು, ಆ ಆರು ಜನರನ್ನೇ ಹುಡುಕಲು ಕೂತೆ. ನಿಮ್ಮ ಜೊತೆ ಹತ್ತು ವರ್ಷ ಇದ್ದ ಮೇಲೆ ಈ ಬುದ್ಧಿ ಬರದೆ ಇರುತ್ತದೆಯೇ!

ಅವರಲ್ಲೊಬ್ಬಳು ನಮ್ಮ ಮನೆಯಿಂದ ಮೂರನೇ ಬಸ್ ಸ್ಟಾಪಿನ ಚಪ್ಪಲಿ ಅಂಗಡಿಯಲ್ಲೇ ಇದ್ದಳು. ಓದುವಾಗ ಸದಾ ಟೇಪು ಹಿಡಿದು ಓಡಾಡುತ್ತಿದ್ದಳಂತೆ, ಅದಕ್ಕೇ ಜೊತೆಯವರು ‘ಅಳತೆ’ ಎಂದು ಕರೆಯುತ್ತಿದ್ದರು. ನಾನು ಹೋದಾಗ ಒಬ್ಬ ವಯಸ್ಸಾದವರ ಮುಂದೆ ಮಂಡಿಯೂರಿ, ಶೂವಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದಳು. ಅವರು ಹೋದ ಮೇಲೆ ನಾನು ಯಾರೆಂದು ಹೇಳಿದೆ. ಆ ಪತ್ರ ಅನುವಾದಿಸಿದವಳು ನಾನೇ ಎಂದೂ ಹೇಳಿದೆ. ಕೈ ಒರೆಸಿಕೊಂಡು, ‘ಆ ಕಾಗದ ಇನ್ನೂ ಇಟ್ಕೊಂಡಿದೀನಿ. ಭಾಷೆ ಚೆನ್ನಾಗಿತ್ತು’ ಎಂದಳು. ಬೈದಿದ್ದರೆ ಇದಕ್ಕಿಂತ ವಾಸಿ ಇತ್ತು. ಆಮೇಲೆ ಅವಳೇ ಸ್ಟೂಲು ಎಳೆದು ಕೂರಿಸಿದಳು. ‘ಎಂಟು ತಿಂಗಳು ಇದ್ದೆ ಅಲ್ಲಿ. ಒಂದು ಹುಡುಗಿಗೆ ಕಾಲು ಮಾಡ್ತಿದ್ದೆ, ಅಚ್ಚು ತೆಗೆದಾಗಿತ್ತು. ಅವಳು ನಡೆದದ್ದನ್ನ ನಾನು ನೋಡಲೇ ಇಲ್ಲ.’ ಸಭೆಗೆ ಬರುತ್ತೀಯಾ ಎಂದೆ. ಒಳಗಿದ್ದ ಯಜಮಾನರತ್ತ ಒಮ್ಮೆ ನೋಡಿ, ‘ಅರ್ಧ ದಿನ ರಜೆ ಕೇಳ್ತೀನಿ’ ಎಂದಳು.

ಸಭೆಯ ದಿನ ಅವಳನ್ನು ಕಂಡು ಕುಲಪತಿಗಳ ಹುಬ್ಬು ಗಂಟಿಕ್ಕಿತು. ನಾನು ತಲೆ ಎತ್ತಲೇ ಇಲ್ಲ. ಪಟ್ಟಿ ಓದಿ ಮುಗಿದ ಮೇಲೆ ಆ ಅಧಿಕಾರಿ ಇವಳತ್ತ ತಿರುಗಿ, ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಇವಳು ನೆಟ್ಟಗೆ ಕೂತು, ‘ಚಪ್ಪಲಿ ಅಂಗಡೀಲಿದೀನಿ. ನೀವು ಒಳಗೆ ಬಂದಾಗ ನೋಡಿದೆ, ನಿಮ್ಮ ಎಡಗಾಲು ಒಂಚೂರು ಗಿಡ್ಡ ಇದೆ. ಶೂ ಒಳಗೆ ತೆಳ್ಳಗೆ ಒಂದು ಪದರ ಹಾಕಿಸಿದ್ರೆ ಸೊಂಟ ನೋವು ಕಮ್ಮಿಯಾಗತ್ತೆ’ ಎಂದಳು. ‘ಇದನ್ನ ಬಿಟ್ಟುಬಿಡಿ ಮೇಡಂ’ ಎಂದು ಕುಲಪತಿಗಳು ಪಿಸುಗುಟ್ಟಿದರು. ನಾನು ಬಿಡಲಿಲ್ಲ. ಆ ಮನುಷ್ಯ ಮೊದಲ ಸಲ ನಕ್ಕರು! ಎಲ್ಲಿ ಕಲಿತಿರಿ ಎಂದರು. ‘ನಿಮ್ಮಲ್ಲೇ. ನಡುವೆ ನೀವೇ ವಾಪಸು ಕಳಿಸಿಬಿಟ್ರಿ. ಕೊಡದೇ ಇದ್ರೆ ನಾವು ಬೇರೆ ದಾರಿ ಹುಡುಕ್ಕೋತೀವಿ ಸರ್. ಕೊಟ್ಟು ಅರ್ಧಕ್ಕೆ ಕಿತ್ಕೊಂಡ್ರೆ ಹಿಂದಿನ ದಾರೀನೂ ಇರಲ್ಲ, ಮುಂದಿನದೂ ಇರಲ್ಲ. ಕೊಡೋದಾದ್ರೆ ಓದು ಮುಗಿಯೋವರೆಗೆ ಕೊಡಿ.’ ‘ಸ್ವಲ್ಪ ಮೆತ್ತಗೆ ಹೇಳಿ’ ಎಂದು ಮತ್ತೆ ಪಿಸುಮಾತು. ಮೆತ್ತಗೆ ಹೇಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ, ಅತ್ತೆ. ಅವತ್ತು ನನ್ನ ಕೆಲಸ ಹೋದರೆ ಹೋಗಲಿ ಎಂದು, ಅವಳು ಅಂದಿದ್ದನ್ನು ಅಂದ ಹಾಗೆಯೇ ಹೇಳಿದೆ.

ಆತ ಪೆನ್ನಿನ ಮುಚ್ಚಳ ತೆಗೆದು, ಮುಂದಿದ್ದ ಈ ವರ್ಷದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ‘ಹಾಗಾದರೆ ಈ ಹಾಳೆ ಸಾಲದು, ಬೇರೆ ಬರೆಯೋಣ’ ಎಂದರು. ಮೂರು ದಿನ ಬರೆದೆವು. ಒಂದೊಂದು ಪದಕ್ಕೂ ಜಗಳ. ಒಡಂಬಡಿಕೆ ಈಗ ಹತ್ತು ವರ್ಷಕ್ಕೆ. ಯಾರು ಹಿಂದೆ ಸರಿದರೂ ಎರಡು ವರ್ಷ ಮೊದಲೇ ತಿಳಿಸಬೇಕು, ಆಗಲೇ ಓದುತ್ತಿರುವವರನ್ನು ಓದು ಮುಗಿಯುವವರೆಗೆ ಕೈಬಿಡುವಂತಿಲ್ಲ. ಅವರು ಕೊಡಲಾಗದೇ ಹೋದರೆ ಖರ್ಚು ನಾವು ಹೊರುತ್ತೇವೆ ಎಂಬ ಮಾತನ್ನು ಸೇರಿಸಿದವರು ಯಾರು ಗೊತ್ತೇ? ನಮ್ಮ ಕುಲಪತಿಗಳೇ. ಮನುಷ್ಯ ಕೆಟ್ಟವರಲ್ಲ, ಗಾಬರಿ ಜಾಸ್ತಿ ಅಷ್ಟೇ. ಎರಡೂ ಕಡೆಯವರು ಒಂದೇ ಕಚೇರಿಯಲ್ಲಿ ಕೂತು, ಹೋದವರು ಬಂದವರೆಲ್ಲರ ಜಾಡು ಇಟ್ಟುಕೊಳ್ಳಬೇಕೆಂದೂ ಆಯಿತು. ಮೊನ್ನೆ ಶುಕ್ರವಾರ ಸಹಿ ಬಿತ್ತು. ಆ ಆರು ಜನರಿಗೂ ಓದು ಮುಗಿಸುವ ಅವಕಾಶ ಇದೆ. ಮೂವರು ಈಗಿನ ಬದುಕೇ ಸಾಕೆಂದರು, ಮೂವರು ಹೊರಟಿದ್ದಾರೆ. ಅಳತೆ ಆಗಸ್ಟಿನಲ್ಲಿ ಹೋಗುತ್ತಾಳೆ. ಅವಳ ಅಂಗಡಿಯ ಯಜಮಾನರು ‘ಒಳ್ಳೇ ಕೆಲಸದವಳನ್ನ ಕಿತ್ಕೊಂಡ್ರಿ’ ಎಂದು ನನ್ನ ಮೇಲೆ ರೇಗಿ, ಮರುಗಳಿಗೆಯಲ್ಲೇ ಅಂಗಡಿಗೆ ಬಂದವರಿಗೆಲ್ಲ ‘ನಮ್ಮ ಹುಡುಗಿ ಫಾರಿನ್‌ಗೆ ಓದೋಕೆ ಹೋಗ್ತಿದಾಳೆ’ ಎಂದು ಸಾರುತ್ತಿದ್ದರು.

ನಾದಿನಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸಿ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಕಾಲಿಗೆ ನಮಸ್ಕಾರಗಳು, ಆ ನೋಯುವ ಮೊಣಕಾಲಿಗೆ ಒಂದು ಹೆಚ್ಚು.

ನಿಮ್ಮ
ಸೊಸೆ

ಮರೆತಿದ್ದೆ. ಮರೆತಿದ್ದೆ ಎಂದರೆ ಸುಳ್ಳು, ಬರೆಯಲು ಧೈರ್ಯ ಬರಲಿಲ್ಲ. ಆ ಜಂಟಿ ಕಚೇರಿಗೆ ಮೊದಲ ವರ್ಷ ಎರಡೂ ಭಾಷೆ ಬಲ್ಲವರೊಬ್ಬರು ಬೇಕಂತೆ, ಆ ದೇಶದಲ್ಲೇ ಇದ್ದು ಕೆಲಸ ಮಾಡಬೇಕಂತೆ. ನನ್ನ ಹೆಸರು ಹೇಳಿದ್ದಾರೆ. ಇಪ್ಪತ್ತೈದನೇ ತಾರೀಕಿನೊಳಗೆ ಒಪ್ಪಿಗೆ ಕೊಡಬೇಕು. ನಿಮ್ಮ ಮಗ ‘ಹೋಗು’ ಎಂದಿದ್ದಾರೆ, ಮಗಳು ‘ಅಜ್ಜಿ ಬರೋದಾದ್ರೆ ಹೋಗು’ ಎಂದಿದ್ದಾಳೆ. ನಿಮ್ಮನ್ನು ಕೇಳದೆ ನಾನು ಯಾವ ಮಾತೂ ಕೊಟ್ಟಿಲ್ಲ. ನೀವು ಬೇಡವೆಂದರೆ ಹೋಗುವುದಿಲ್ಲ, ಮುಖವನ್ನೂ ಸಣ್ಣದು ಮಾಡಿಕೊಳ್ಳುವುದಿಲ್ಲ. ಆದರೆ ಹದಿನಾಲ್ಕು ವರ್ಷದಿಂದ ಆ ದೇಶದ ಭಾಷೆ ಬರೆಯುತ್ತಿದ್ದೇನೆ, ಅಲ್ಲಿನ ಒಂದು ಬೀದಿಯನ್ನೂ ಕಂಡಿಲ್ಲ. ನನಗೆ ಹೋಗಬೇಕು ಅನ್ನಿಸಿದೆ, ಅತ್ತೆ.